ಡೇಟಾ ವಿನಿಮಯಕ್ಕೆ ಎಕ್ಸ್‌ಎಂಎಲ್: ಲಾಭ, ತೊಂದರೆ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಡೇಟಾ ಓಡಾಡಬೇಕಾದಾಗ ಎಕ್ಸ್‌ಎಂಎಲ್ ಬೇಕಾ ಬೇಡ್ವಾ ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ಕೆಲವರಿಗೆ ಅದು ಹಳೇ ಕಾಲದ ಹೊರೆ. ಇನ್ನು ಕೆಲವರಿಗೆ ಅದಿಲ್ಲದೆ ಕೆಲಸವೇ ನಡೆಯುವುದಿಲ್ಲ. ಈ ಉತ್ತರಗಳು ಪ್ರೋಗ್ರಾಂ ಬರೆಯುವವರಿಗೆ ಮಾತ್ರವಲ್ಲ, ಲೆಕ್ಕಪತ್ರ ಮತ್ತು ಪುಸ್ತಕ ಪ್ರಕಟಣೆಯ ಕೆಲಸದಲ್ಲಿ ಇಂಥ ಫೈಲ್‌ಗಳನ್ನು ಎದುರಿಸುವವರಿಗೂ ಇರಲಿ ಎಂದು ಬರೆದಿದ್ದೇನೆ. ಕನ್ನಡ ಡೇಟಾಗೆ ಬರುವ ತೊಡಕುಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಯಾಕಂದ್ರೆ ಅವುಗಳ ಬಗ್ಗೆ ಬರೆದವರು ಕಡಿಮೆ.

ಎಕ್ಸ್‌ಎಂಎಲ್ ಅಂದರೆ ಏನು, ಒಂದು ಉದಾಹರಣೆ ಕೊಡ್ತೀರಾ?

ಡೇಟಾದ ಪ್ರತಿಯೊಂದು ತುಣುಕಿಗೂ ಹೆಸರು ಹಚ್ಚಿ, ಸಾದಾ ಪಠ್ಯವಾಗಿ ಬರೆದಿಡುವ ವಿಧಾನ ಅದು. ದಿನಸಿ ಅಂಗಡಿಯ ಒಂದು ಸರಕನ್ನು ಹೀಗೆ ಬರೆಯಬಹುದು:

<ಸರಕು>
  <ಹೆಸರು>ಸೋನಾ ಮಸೂರಿ ಅಕ್ಕಿ</ಹೆಸರು>
  <ತೂಕ ಅಳತೆ="ಕೆಜಿ">25</ತೂಕ>
  <ದರ>1450.00</ದರ>
</ಸರಕು>

ಕೋನ ಆವರಣದೊಳಗೆ ಇರುವುದು ಟ್ಯಾಗ್. ಟ್ಯಾಗಿನೊಳಗೆ ಬರುವ ಅಳತೆ="ಕೆಜಿ" ಥರದ ಜೋಡಿ ಆಟ್ರಿಬ್ಯೂಟ್. ತೆರೆದ ಟ್ಯಾಗನ್ನು ಮುಚ್ಚಲೇಬೇಕು. ಒಳಗೆ ತೆರೆದದ್ದು ಒಳಗೇ ಮುಚ್ಚಬೇಕು. ಇಡೀ ಫೈಲಿಗೆ ಹೊರಗಿನ ಟ್ಯಾಗ್ ಒಂದೇ ಇರಬೇಕು. ಮೂಲ ನಿಯಮ ಹೆಚ್ಚುಕಡಿಮೆ ಇಷ್ಟೇ. ಯಾವ ಟ್ಯಾಗ್ ಇರಬೇಕು, ಅದಕ್ಕೆ ಏನರ್ಥ ಅನ್ನುವುದನ್ನು ಎಕ್ಸ್‌ಎಂಎಲ್ ಹೇಳುವುದಿಲ್ಲ. ಅದನ್ನು ಡೇಟಾ ಕಳಿಸುವವರು, ಪಡೆಯುವವರು ಕೂತು ಗೊತ್ತುಮಾಡಿಕೊಳ್ಳಬೇಕು. ಮುಂದೆ ಬರುವ ಎಷ್ಟೋ ಉತ್ತರಗಳು ಈ ಒಂದು ಮಾತಿನ ಮೇಲೆ ನಿಂತಿವೆ.

ಇದು ಎಲ್ಲಿಂದ ಬಂತು?

1969ರಲ್ಲಿ ಐಬಿಎಂನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಕಟ್ಟಿದ ಜಿಎಂಎಲ್ ಇದರ ಅಜ್ಜ. ಅದು ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಅನ್ನುವ ಐಎಸ್‌ಒ ಮಾನಕವಾಯಿತು. ಶಕ್ತಿ ಇತ್ತು, ಆದರೆ ಜಟಿಲ. ವೆಬ್ ಬಂದ ಮೇಲೆ ಸನ್ ಕಂಪನಿಯ ಜಾನ್ ಬೋಸಾಕ್ ನೇತೃತ್ವದ ಗುಂಪು ಅದನ್ನು ಸೋಸಿ ಹಗುರ ಮಾಡಿತು. 1998ರ ಫೆಬ್ರವರಿ 10ರಂದು ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿ ಎಕ್ಸ್‌ಎಂಎಲ್ 1.0 ಅನ್ನು ಪ್ರಕಟಿಸಿತು. ಹುಟ್ಟಿನಲ್ಲೇ ಅದು ಬರಹಗಳಿಗೆಂದು ಆದದ್ದು, ಕೋಷ್ಟಕಗಳಿಗೆಂದು ಅಲ್ಲ. ಅದರ ಬಲವೂ ಕುಂದೂ ಈ ಹುಟ್ಟಿನಿಂದಲೇ ಬಂದಿವೆ ಅನ್ನುವುದು ನನ್ನ ಅನಿಸಿಕೆ.

ನಾನು ಇದನ್ನು ನೋಡೇ ಇಲ್ಲ. ನಿಜವಾಗಿ ಎಲ್ಲಿ ಬಳಕೆಯಲ್ಲಿದೆ?

ನೋಡಿಲ್ಲದಿರಬಹುದು, ಆದರೆ ದಿನಾ ಬಳಸುತ್ತಿದ್ದೀರಿ. ಯುಪಿಐನಲ್ಲಿ ದುಡ್ಡು ಕಳಿಸಿದಾಗ ಬ್ಯಾಂಕ್ ಮತ್ತು ಯುಪಿಐ ನಡೆಸುವ ಎನ್‌ಪಿಸಿಐ ಸರ್ವರ್‌ಗಳ ನಡುವೆ ಹೋಗುವ ಸಂದೇಶ ಎಕ್ಸ್‌ಎಂಎಲ್. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಇಳಿಸಿಕೊಂಡರೆ ಸಿಗುವ ಜಿಪ್ ಕಟ್ಟಿನೊಳಗೆ ಇರುವುದೂ ಅದೇ. ವರ್ಡ್‌ನ ಡಾಕ್ಸ್ ಫೈಲ್ ಒಂದು ಜಿಪ್ ಕಟ್ಟು, ಬಿಚ್ಚಿದರೆ ಒಳಗೆಲ್ಲ ಎಕ್ಸ್‌ಎಂಎಲ್ ಫೈಲ್‌ಗಳು. ಸುದ್ದಿತಾಣಗಳ ಆರ್‌ಎಸ್‌ಎಸ್ ಫೀಡ್, ಇ-ಪಬ್ ಪುಸ್ತಕ, ಎಸ್‌ವಿಜಿ ಚಿತ್ರಗಳ ಕಥೆಯೂ ಹೀಗೇ. ಬೆಂಗಳೂರಿನ ಲೆಕ್ಕಪತ್ರ ಸಾಫ್ಟ್‌ವೇರ್ ಟ್ಯಾಲಿಗೆ ಹೊರಗಿನಿಂದ ವೋಚರ್ ತುಂಬಿಸುವವರಲ್ಲಿ ಬಹಳ ಜನ ಎಕ್ಸ್‌ಎಂಎಲ್ ಇಂಪೋರ್ಟ್ ಬಲ್ಲವರು. 2010-11ರ ಹಣಕಾಸು ವರ್ಷದಿಂದ ಕೆಲವು ವರ್ಗದ ಕಂಪನಿಗಳು ಕಂಪನಿ ವ್ಯವಹಾರ ಸಚಿವಾಲಯಕ್ಕೆ ಲೆಕ್ಕಪತ್ರ ಸಲ್ಲಿಸುತ್ತಿರುವ ಎಕ್ಸ್‌ಬಿಆರ್‌ಎಲ್ ಕೂಡ ಇದರ ಮೇಲೇ ಕಟ್ಟಿದ್ದು.

ಎಲ್ಲಕ್ಕಿಂತ ದೊಡ್ಡ ಲಾಭ ಯಾವುದು?

ಒಪ್ಪಂದವನ್ನು ಬರೆದಿಟ್ಟು, ಅದನ್ನು ಯಂತ್ರದ ಕೈಯಲ್ಲೇ ಪರೀಕ್ಷೆ ಮಾಡಿಸಬಹುದು. ಈ ಬರೆದಿಟ್ಟ ಒಪ್ಪಂದಕ್ಕೆ ಸ್ಕೀಮಾ ಅನ್ನುತ್ತಾರೆ. ಸರಕಿಗೆ ಹೆಸರು ಇರಲೇಬೇಕು, ತೂಕ ಒಂದೇ ಸಲ ಬರಬೇಕು, ದರ ಅಂಕಿಯೇ ಆಗಿರಬೇಕು ಎಂದೆಲ್ಲ ಅದರಲ್ಲಿ ಬರೆಯಬಹುದು. ಸ್ಕೀಮಾ ಬರೆಯುವ ಭಾಷೆಗಳಲ್ಲಿ 2001ರಲ್ಲಿ ಬಂದ ಎಕ್ಸ್‌ಎಸ್‌ಡಿ ಹೆಚ್ಚು ಬಳಕೆಯದು. ಬರೆಯಲು, ಓದಲು ರಿಲ್ಯಾಕ್ಸ್ ಎನ್‌ಜಿ ಇನ್ನೂ ಸುಲಭ. ನನಗೆ ಆಯ್ಕೆ ಇದ್ದರೆ ಅದನ್ನೇ ಹಿಡಿಯುತ್ತೇನೆ.

ಒಬ್ಬರನ್ನೊಬ್ಬರು ಕಂಡೇ ಇರದ ನೂರಾರು ಸಂಸ್ಥೆಗಳು ಒಂದೇ ಬಗೆಯ ಕಾಗದ ಕಳಿಸುವ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಬಂದ ಫೈಲ್ ಸ್ಕೀಮಾಗೆ ಹೊಂದದಿದ್ದರೆ ಬಾಗಿಲಲ್ಲೇ ವಾಪಸ್, ಯಾವ ಸಾಲಿನಲ್ಲಿ ಏನು ತಪ್ಪು ಅನ್ನುವ ವಿವರದ ಜೊತೆ. ನೀವು ಕಳಿಸಿದ್ದು ಸರಿಯಿಲ್ಲ, ಇಲ್ಲ ನಿಮ್ಮ ಪ್ರೋಗ್ರಾಂ ಸರಿಯಿಲ್ಲ ಎಂದು ಎರಡೂ ಕಡೆಯವರು ವಾರಗಟ್ಟಲೆ ಇಮೇಲ್ ಹರಿಸುವುದು ತಪ್ಪುತ್ತದೆ.

ಸ್ಕೀಮಾ ಇದ್ದರೆ ತಪ್ಪು ಡೇಟಾ ಬರುವುದೇ ಇಲ್ಲವಾ?

ರೂಪದ ತಪ್ಪು ಸಿಗುತ್ತದೆ, ಅರ್ಥದ ತಪ್ಪು ಸಿಗುವುದಿಲ್ಲ.

ರೂಪದ ವಿಷಯಕ್ಕೆ ಬಂದರೆ ನಮ್ಮ ಬರವಣಿಗೆಯ ಅಭ್ಯಾಸಗಳೇ ಮೊದಲು ಸಿಕ್ಕಿಬೀಳುತ್ತವೆ. ನಾವು 15-08-1947 ಎಂದು ಬರೆಯುತ್ತೇವೆ. ಎಕ್ಸ್‌ಎಸ್‌ಡಿಯ ದಿನಾಂಕಕ್ಕೆ 1947-08-15 ಬೇಕು. ನಾವು 1,25,000 ಎಂದು ಅಲ್ಪವಿರಾಮ ಹಾಕುತ್ತೇವೆ. ಅದರ ಸಂಖ್ಯೆಯೊಳಗೆ ಅಲ್ಪವಿರಾಮಕ್ಕೆ ಜಾಗವಿಲ್ಲ, 125000 ಅಂತಲೇ ಇರಬೇಕು. ಕನ್ನಡ ಅಂಕಿಯಲ್ಲಿ ೨೫೦ ಎಂದು ಬರೆದರೂ ಫೇಲ್. ಎಕ್ಸ್‌ಎಸ್‌ಡಿಯ ಸಂಖ್ಯೆಗಳಿಗೆ 0ಯಿಂದ 9ರವರೆಗಿನ ಅಂಕಿ ಮಾತ್ರ ನಡೆಯುತ್ತದೆ. ಕನ್ನಡ ಅಂಕಿ ತೋರಿಸಬೇಕಿದ್ದರೆ ಫೈಲಿನಲ್ಲಿ 250 ಇಟ್ಟು, ಪರದೆಯ ಮೇಲೆ ತೋರಿಸುವಾಗ ಬದಲಿಸಿಕೊಳ್ಳಿ.

ಅರ್ಥದ ತಪ್ಪು ಬೇರೆ ಜಾತಿಯದು. ನೀವು ದರ ಅಂದಾಗ ಜಿಎಸ್‌ಟಿ ಸೇರಿದ ದರ ಅಂದುಕೊಂಡಿರಿ. ಆ ಕಡೆಯವರು ಸೇರದ ದರ ಕಳಿಸಿದರು. ಎರಡೂ ಅಂಕಿಯೇ, ಎರಡೂ ಸ್ಕೀಮಾಗೆ ಸರಿ. ಲೆಕ್ಕ ಮಾತ್ರ ತಪ್ಪು. ಡೇಟಾ ವಿನಿಮಯದ ಕೆಲಸಗಳು ಕೆಡುವುದು ಕೋನ ಆವರಣದಿಂದಲ್ಲ, ಇಂಥ ಕಡೆ. ಟ್ಯಾಗ್ ಪಟ್ಟಿಯ ಜೊತೆಗೆ ಪ್ರತಿ ಟ್ಯಾಗಿಗೂ ಸಾದಾ ಮಾತಿನಲ್ಲಿ ಎರಡು ಸಾಲು ವಿವರಣೆ ಬರೆದಿಡಿ. ಎಕ್ಸ್‌ಎಸ್‌ಡಿಯೊಳಗೇ ಅಂಥ ಟಿಪ್ಪಣಿಗೆ ಜಾಗವಿದೆ. ಅದನ್ನು ಖಾಲಿ ಬಿಟ್ಟ ಸ್ಕೀಮಾ ನೋಡಿದರೆ ನನಗೆ ಬೇಜಾರಾಗುತ್ತದೆ.

ಟ್ಯಾಗ್ ಹೆಸರನ್ನೇ ಕನ್ನಡದಲ್ಲಿ ಇಡಬಹುದಾ?

ಇಡಬಹುದು, ಮೇಲಿನ ಉದಾಹರಣೆ ಸರಿಯಾದ ಎಕ್ಸ್‌ಎಂಎಲ್. ಮೊದಲ ದಿನದಿಂದಲೇ ಇದು ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಮೇಲೆ ನಿಂತಿದೆ. ಯಾವ ಪಾರ್ಸರ್ (ಎಕ್ಸ್‌ಎಂಎಲ್ ಓದುವ ಪ್ರೋಗ್ರಾಂ) ಆದರೂ ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಮತ್ತು ಯುಟಿಎಫ್-16 ಎರಡನ್ನೂ ಓದಲೇಬೇಕು ಅನ್ನುವುದು ನಿಯಮ. ಕನ್ನಡದವರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಮೂರು ವಿಷಯ ಗಮನದಲ್ಲಿರಲಿ. ಯೂನಿಕೋಡ್‌ನಲ್ಲಿ ‘ಕೋ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪಾರ್ಸರ್ ಮಾತ್ರ ಸಂಕೇತಕ್ಕೆ ಸಂಕೇತ ಹೋಲಿಸುತ್ತದೆ. ಹಾಗಾಗಿ <ಕೋಶ> ಒಂದು ರೀತಿಯಲ್ಲಿ ತೆರೆದು ಇನ್ನೊಂದು ರೀತಿಯಲ್ಲಿ ಮುಚ್ಚಿದರೆ ಟ್ಯಾಗ್ ಹೊಂದುತ್ತಿಲ್ಲ ಅನ್ನುವ ದೂರು ಬರುತ್ತದೆ, ಎಷ್ಟು ನೋಡಿದರೂ ತಪ್ಪು ಕಾಣುವುದಿಲ್ಲ. ಫೈಲ್ ಬರೆಯುವ ಮುನ್ನ ಪಠ್ಯವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಒಂದಾಗಿ ಜೋಡಿಸಿದ ಏಕರೂಪಕ್ಕೆ, ತನ್ನಿ. ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಅದಕ್ಕೆ ಸಿದ್ಧ ಸೌಲಭ್ಯವಿದೆ.

ಎರಡನೆಯದು, ಒತ್ತು ಬರದಂತೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಅನ್ನುವ ಪದದಲ್ಲಿ ಅದು ಇದೆ. ಟ್ಯಾಗ್ ಹೆಸರಿನಲ್ಲಿ ಅದಕ್ಕೆ ಅವಕಾಶ ಸಿಕ್ಕಿದ್ದು ಎಕ್ಸ್‌ಎಂಎಲ್ 1.0ರ 2008ರ ಐದನೇ ಆವೃತ್ತಿಯಲ್ಲಿ. ಹಳೇ ಪಾರ್ಸರ್ ಒಪ್ಪದಿರಬಹುದು. ಅಂಥ ಪದಗಳನ್ನು ಟ್ಯಾಗ್ ಆಗಿ ಬಳಸದಿರುವುದೇ ಕ್ಷೇಮ. ಡೇಟಾದೊಳಗೆ ಎಲ್ಲಿ ಬೇಕಾದರೂ ಬರಲಿ, ತೊಂದರೆಯಿಲ್ಲ.

ಮೂರನೆಯದು, ಆ ಕಡೆ ಕೆಲಸ ಮಾಡುವವರಿಗೆ ಕನ್ನಡ ಓದಲು ಬರುತ್ತದಾ? ಕನ್ನಡ ಸಂಸ್ಥೆಗಳ ನಡುವಿನ ವಿನಿಮಯವಾದರೆ ಧೈರ್ಯವಾಗಿ ಕನ್ನಡ ಟ್ಯಾಗ್ ಇಡಿ. ಹೊರಗಿನವರ ಜೊತೆಗಾದರೆ ಅವರ ಮಾನಕದ ಹೆಸರುಗಳನ್ನೇ ಬಳಸಿ.

ಹಳೇ ನುಡಿ, ಬರಹ ಫೈಲ್‌ಗಳನ್ನು ಎಕ್ಸ್‌ಎಂಎಲ್‌ಗೆ ಹಾಕಿದರೆ ಕನ್ನಡ ಉಳಿಯುತ್ತದಲ್ವಾ?

ಹಾಗೇ ಹಾಕಿದರೆ ಉಳಿಯುವುದಿಲ್ಲ. ನುಡಿ, ಬರಹದಂಥ ಕನ್ನಡ ಸಾಫ್ಟ್‌ವೇರ್‌ಗಳ ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಫೈಲಿನೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಗೊಂಚಲು. ಪಾರ್ಸರ್‌ಗೆ ಅದು ಗೊತ್ತಾಗುವುದಿಲ್ಲ. ಅಕ್ಷರ ಸರಿಯಿದೆ, ಟ್ಯಾಗ್ ಸರಿಯಿದೆ ಎಂದು ಒಪ್ಪಿಕೊಂಡುಬಿಡುತ್ತದೆ. ಆಮೇಲೆ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಲು ಆಗುವುದಿಲ್ಲ, ಮೊಬೈಲಿನಲ್ಲಿ ಓದಲು ಆಗುವುದಿಲ್ಲ.

ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ನಂತರ ಟ್ಯಾಗ್ ಹಚ್ಚಿ. ಪರಿವರ್ತನೆ ಆದ ಮೇಲೆ ಅರ್ಕಾವೊತ್ತು, ರಕಾರದ ಒತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಪುಟದೊಳಗೆ ನಿಜವಾದ ಇಂಗ್ಲಿಷ್ ಪದಗಳು ಬೆರೆತಿದ್ದರೆ ಅವೂ ಕನ್ನಡ ಅಂದುಕೊಂಡು ಬದಲಾಗಿ ಕೆಟ್ಟಿರಬಹುದು. ನಮ್ಮ ಎಷ್ಟೋ ಪ್ರಕಾಶನಗಳ ಹಳೇ ಪುಸ್ತಕಗಳ ಫೈಲ್ ಇನ್ನೂ ಇದೇ ಸ್ಥಿತಿಯಲ್ಲಿವೆ. ಫಾಂಟ್ ಕಳೆದುಹೋಗುವ ಮೊದಲು ಈ ಕೆಲಸ ಆಗಬೇಕು.

ಉದ್ದನೆಯ ಬರಹಕ್ಕೆ ಎಕ್ಸ್‌ಎಂಎಲ್ ಒಳ್ಳೆಯದು ಅನ್ನುತ್ತಾರೆ. ಯಾಕೆ?

ವಾಕ್ಯದ ನಡುವೆಯೇ ಟ್ಯಾಗ್ ಹಚ್ಚಬಹುದು. ಉದಾಹರಣೆಗೆ:

<ವಾಕ್ಯ>ಈ ಶಾಸನ <ಊರು>ಹಲ್ಮಿಡಿ</ಊರು>ಯಲ್ಲಿ ಸಿಕ್ಕಿತು.</ವಾಕ್ಯ>

ಊರಿನ ಹೆಸರಿಗೆ ಗುರುತು ಬಿತ್ತು, ವಾಕ್ಯ ಮುರಿಯಲಿಲ್ಲ. ಇದನ್ನು ಡೇಟಾ ಬರೆಯುವ ಇನ್ನೊಂದು ಹಗುರ ವಿಧಾನವಾದ ಜೇಸನ್‌ನಲ್ಲಿ ಬರೆಯಲು ಹೋದರೆ ವಾಕ್ಯವನ್ನು ಚೂರು ಚೂರು ಮಾಡಿ ಪಟ್ಟಿಯಲ್ಲಿ ಜೋಡಿಸಬೇಕಾಗುತ್ತದೆ. ನಿಘಂಟು, ಶಾಸನಪಾಠ, ಹಸ್ತಪ್ರತಿಯ ಪಾಠಾಂತರ, ಕಾನೂನಿನ ಕಲಮು ಇಂಥವಕ್ಕೆಲ್ಲ ಎಕ್ಸ್‌ಎಂಎಲ್‌ಗೆ ಸಾಟಿಯಾದದ್ದು ನನಗೆ ಇನ್ನೂ ಕಂಡಿಲ್ಲ. ಹಳೆಯ ಪಠ್ಯಗಳನ್ನು ಡಿಜಿಟಲ್ ಮಾಡುವವರು ಜಗತ್ತಿನಾದ್ಯಂತ ಬಳಸುವ ಟಿಇಐ ಮಾನಕವೂ ಇದರ ಮೇಲೇ ನಿಂತಿದೆ.

ಕನ್ನಡದಲ್ಲಿ ಒಂದು ಎಚ್ಚರ ಬೇಕು. ನಮ್ಮ ವಿಭಕ್ತಿ ಪದಕ್ಕೆ ಅಂಟಿಕೊಳ್ಳುತ್ತದೆ. ಫೈಲನ್ನು ಅಂದವಾಗಿ ಕಾಣಿಸುವ ಸಾಫ್ಟ್‌ವೇರ್ ಟ್ಯಾಗ್ ಮುಗಿದ ಮೇಲೆ ಹೊಸ ಸಾಲು ಸೇರಿಸಿದರೆ ‘ಹಲ್ಮಿಡಿ ಯಲ್ಲಿ’ ಎಂದು ಪದ ಒಡೆಯುತ್ತದೆ. ಇಂಥ ಫೈಲ್‌ಗಳಿಗೆ ಆ ಸೌಲಭ್ಯ ಬಳಸಬೇಡಿ. ‘ಬೆಂಗಳೂರಿನಲ್ಲಿ’ ಅನ್ನುವಲ್ಲಂತೂ ಊರಿನ ಹೆಸರು ಎಲ್ಲಿ ಮುಗಿಯಿತು ಎಂದು ಕತ್ತರಿಸಲು ಆಗುವುದೇ ಇಲ್ಲ. ಕತ್ತರಿಸಿದರೆ ಗುಣಿತದ ಚಿಹ್ನೆ ಅನಾಥವಾಗುತ್ತದೆ. ಆಗ ಇಡೀ ಪದಕ್ಕೆ ಟ್ಯಾಗ್ ಹಚ್ಚಿ, ಮೂಲರೂಪವನ್ನು ಆಟ್ರಿಬ್ಯೂಟ್‌ನಲ್ಲಿ ಇಡಿ:

<ಊರು ಮೂಲ="ಬೆಂಗಳೂರು">ಬೆಂಗಳೂರಿನಲ್ಲಿ</ಊರು>

ಫೈಲ್ ತುಂಬಾ ದೊಡ್ಡದಾಗುತ್ತದೆ ಅನ್ನುವ ದೂರು ನಿಜವಾ?

ನಿಜ. ಒಂದೇ ಹೆಸರನ್ನು ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ ಬರೆಯಬೇಕು. ಇದನ್ನು ರೂಪಿಸಿದವರು ಚುಟುಕುತನಕ್ಕೆ ಹೆಚ್ಚು ಮಹತ್ವ ಕೊಡುವುದಿಲ್ಲ ಎಂದು ಗುರಿಗಳ ಪಟ್ಟಿಯಲ್ಲೇ ಬರೆದಿದ್ದರು. ಕನ್ನಡ ಟ್ಯಾಗ್ ಆದರೆ ಇನ್ನೂ ಭಾರ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಹೆಸರು’ ಅನ್ನುವುದರಲ್ಲಿ ಗುಣಿತಗಳೂ ಸೇರಿ 5 ಸಂಕೇತ, ಅಂದರೆ 15 ಬೈಟ್. ತೆರೆದು ಮುಚ್ಚುವಷ್ಟರಲ್ಲಿ ಆವರಣಗಳೂ ಸೇರಿ 35 ಬೈಟ್ ಆಯಿತು, ಡೇಟಾ ಇನ್ನೂ ಬಂದೇ ಇಲ್ಲ.

ಆದರೆ ಒಂದೇ ಟ್ಯಾಗ್ ಮತ್ತೆ ಮತ್ತೆ ಬರುವುದರಿಂದ ಜಿಜಿಪ್ ಮಾಡಿದರೆ ಚೆನ್ನಾಗಿ ಕುಗ್ಗುತ್ತದೆ. ಕಳಿಸುವ ಖರ್ಚಿನ ಚಿಂತೆ ಅಲ್ಲಿಗೆ ಬಹಳ ಮಟ್ಟಿಗೆ ಹೋಯಿತು. ಚಿತ್ರ, ಧ್ವನಿಯಂಥವನ್ನು ಮಾತ್ರ ಒಳಗೆ ತುರುಕಬೇಡಿ. ಅವನ್ನು ಬೇಸ್64 ಅನ್ನುವ ಪಠ್ಯರೂಪಕ್ಕೆ ಬದಲಿಸಬೇಕಾಗುತ್ತದೆ, ಗಾತ್ರ ಮೂರನೇ ಒಂದರಷ್ಟು ಏರುತ್ತದೆ. ಬೇರೆ ಫೈಲಾಗಿ ಇಟ್ಟು ಅದರ ಹೆಸರನ್ನು ಸೂಚಿಸಿ.

ದೊಡ್ಡ ಫೈಲ್ ತೆರೆದರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ. ಏನು ಮಾಡಲಿ?

ಇಡೀ ಫೈಲನ್ನು ಮೆಮೊರಿಗೆ ಎಳೆದು ಮರದಂತೆ ಕಟ್ಟಿಕೊಳ್ಳುವ ಡಾಮ್ ವಿಧಾನ ಬಳಸುತ್ತಿದ್ದೀರಿ ಅನಿಸುತ್ತದೆ. ಅದು ಫೈಲಿನ ಗಾತ್ರದ ಹಲವು ಪಟ್ಟು ಮೆಮೊರಿ ತಿನ್ನುತ್ತದೆ. ಸ್ಯಾಕ್ಸ್ ಥರದ ವಿಧಾನ ತುಣುಕು ತುಣುಕಾಗಿ ಓದುತ್ತಾ, ಬೇಕಾದ್ದನ್ನು ಹೆಕ್ಕಿ ಉಳಿದದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಕನ್ನಡ ವಿಕಿಪೀಡಿಯದ ಲೇಖನಗಳ ಪೂರ್ತಿ ಪ್ರತಿ ಎಕ್ಸ್‌ಎಂಎಲ್ ಆಗಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಫೈಲ್ ಇಲ್ಲ.

ಒಂದೇ ಒಂದು ‘&’ ಚಿಹ್ನೆಗೆ ಇಡೀ ಫೈಲ್ ತಿರಸ್ಕಾರ ಆಯಿತು. ಇದು ಅನ್ಯಾಯ ಅಲ್ವಾ?

ಸಿಟ್ಟು ಬರುವುದು ಸಹಜ. ಗ್ರಾಹಕರ ಪಟ್ಟಿಯಲ್ಲಿ ‘ರಾವ್ & ಸನ್ಸ್’ ಎಂದು ಒಂದು ಹೆಸರಿದ್ದರೆ ಸಾಕು. ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆಗೆ ವಿಶೇಷ ಅರ್ಥ ಇರುವುದರಿಂದ ಅದನ್ನು &#38; ಎಂದು ಬರೆಯಬೇಕು. ಹಾಗೆಯೇ ಡೇಟಾದೊಳಗೆ ‘<’ ಬಂದರೆ &#60; ಎಂದು. ವೆಬ್ ಪುಟದಲ್ಲಾದರೆ ಬ್ರೌಸರ್ ತಪ್ಪನ್ನು ಸುಧಾರಿಸಿಕೊಂಡು ಮುಂದೆ ಹೋಗುತ್ತದೆ. ಎಕ್ಸ್‌ಎಂಎಲ್ ಪಾರ್ಸರ್ ಮಾತ್ರ ಮಾರಕ ತಪ್ಪು ಕಂಡ ಮೇಲೆ ಎಂದಿನಂತೆ ಡೇಟಾ ಕೊಡುವುದನ್ನು ನಿಲ್ಲಿಸಲೇಬೇಕು ಎಂದು ಮಾನಕವೇ ವಿಧಿಸಿದೆ.

ಹಣದ, ಆಸ್ಪತ್ರೆಯ ಡೇಟಾದಲ್ಲಿ ಈ ಕಟ್ಟುನಿಟ್ಟು ನನಗೆ ಸರಿ ಅನಿಸುತ್ತದೆ. ಅರ್ಧ ಓದಿ ಉಳಿದದ್ದನ್ನು ಊಹಿಸುವ ಪ್ರೋಗ್ರಾಂ ಇನ್ನೂ ಅಪಾಯ. ಪರಿಹಾರ ಸುಲಭ. ಟ್ಯಾಗ್‌ಗಳನ್ನು ಕೈಯಾರೆ ಪಠ್ಯ ಜೋಡಿಸಿ ಬರೆಯಬೇಡಿ, ಎಕ್ಸ್‌ಎಂಎಲ್ ಬರೆಯುವ ಲೈಬ್ರರಿ ಬಳಸಿ. ಈ ಬದಲಾವಣೆಗಳನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ.

ಆಟ್ರಿಬ್ಯೂಟ್ ಯಾವಾಗ, ಒಳ ಟ್ಯಾಗ್ ಯಾವಾಗ?

ಇದಕ್ಕೆ ಮಾನಕ ಏನೂ ಹೇಳುವುದಿಲ್ಲ, ಅದೇ ಒಂದು ತಲೆನೋವು. ನಾನು ಪಾಲಿಸುವ ಪದ್ಧತಿ: ಡೇಟಾ ಟ್ಯಾಗಿನೊಳಗೆ, ಡೇಟಾದ ಬಗ್ಗೆ ಹೇಳುವ ಅಳತೆ, ಭಾಷೆ, ಗುರುತಿನ ಸಂಖ್ಯೆ ಆಟ್ರಿಬ್ಯೂಟ್‌ನಲ್ಲಿ. ಒಂದಕ್ಕಿಂತ ಹೆಚ್ಚು ಸಲ ಬರಬಹುದಾದದ್ದು ಟ್ಯಾಗೇ ಆಗಬೇಕು, ಆಟ್ರಿಬ್ಯೂಟ್ ಒಂದು ಟ್ಯಾಗಿನಲ್ಲಿ ಒಮ್ಮೆ ಮಾತ್ರ ಬರಬಲ್ಲದು.

ನೇಮ್‌ಸ್ಪೇಸ್ ಯಾಕೆ ಇಷ್ಟು ಗೊಂದಲ?

ಎರಡು ಮಾನಕಗಳ ಟ್ಯಾಗ್‌ಗಳು ಒಂದೇ ಫೈಲಿನಲ್ಲಿ ಸೇರಿದಾಗ ಇಬ್ಬರಲ್ಲೂ ‘ಹೆಸರು’ ಇರಬಹುದು. ಒಂದೇ ಊರಲ್ಲಿ ಇಬ್ಬರು ಮಂಜುನಾಥರಿದ್ದರೆ ಇನಿಷಿಯಲ್ ಸೇರಿಸಿ ಕರೆಯುವ ಹಾಗೆ, 1999ರಲ್ಲಿ ಬಂದ ನೇಮ್‌ಸ್ಪೇಸ್ ಟ್ಯಾಗ್ ಹೆಸರಿನ ಮೊದಲಿಗೆ ಒಂದು ಗುರುತು ಸೇರಿಸುತ್ತದೆ. ತೊಡಕೇನು ಅಂದರೆ, ಕಾಣುವ ಆ ಗುರುತು ಬರೀ ಅಡ್ಡಹೆಸರು. ಅದರ ಹಿಂದಿರುವ ವೆಬ್ ವಿಳಾಸದಂಥ ಸಾಲೇ ನಿಜವಾದ ಗುರುತು. ಅಡ್ಡಹೆಸರಿಲ್ಲದೆಯೂ ನೇಮ್‌ಸ್ಪೇಸ್ ಇರಬಹುದು. ಕಣ್ಣೆದುರು ಟ್ಯಾಗ್ ಇದ್ದರೂ ಎಕ್ಸ್‌ಪಾತ್ (ಎಕ್ಸ್‌ಎಂಎಲ್ ಒಳಗೆ ಟ್ಯಾಗ್ ಹುಡುಕುವ ಭಾಷೆ) ಹುಡುಕಾಟ ‘ಏನೂ ಇಲ್ಲ’ ಅಂದರೆ, ಮೊದಲು ಇದನ್ನೇ ಅನುಮಾನಿಸಿ.

ಭದ್ರತೆಯ ಅಪಾಯ ಇದೆಯಾ?

ಇದೆ, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎಕ್ಸ್‌ಎಂಎಲ್ ತನ್ನ ಹಿರಿಯರಿಂದ ಡಿಟಿಡಿ ಅನ್ನುವ ಭಾಗವನ್ನು ಪಡೆದಿದೆ. ಅದರಲ್ಲಿ ಸಂಕ್ಷೇಪಗಳನ್ನು ಹೆಸರಿಸಬಹುದು. ಒಂದು ಸಂಕ್ಷೇಪ ಹೊರಗಿನ ಫೈಲನ್ನು ತೋರಿಸಿದರೆ, ನಿಮ್ಮ ಸರ್ವರ್ ತನ್ನದೇ ಗುಟ್ಟಿನ ಫೈಲನ್ನು ಓದಿ ಎದುರಿನವರಿಗೆ ಕೊಟ್ಟುಬಿಡಬಹುದು. ಇದಕ್ಕೆ ಎಕ್ಸ್‌ಎಕ್ಸ್‌ಇ ದಾಳಿ ಅನ್ನುತ್ತಾರೆ. ಇನ್ನೊಂದು ದಾಳಿಯಲ್ಲಿ ಒಂದು ಸಂಕ್ಷೇಪ ಹತ್ತು ಸಂಕ್ಷೇಪಗಳನ್ನು ಕರೆಯುತ್ತದೆ, ಅವು ಒಂದೊಂದೂ ಮತ್ತೆ ಹತ್ತನ್ನು. ಹೀಗೆ ಒಂಬತ್ತು ಹಂತ ಹೋದರೆ ನೂರು ಕೋಟಿ ಪ್ರತಿ. ಒಂದು ಕಿಲೋಬೈಟ್‌ಗಿಂತ ಚಿಕ್ಕ ಫೈಲ್ ಸರ್ವರನ್ನು ಮಲಗಿಸುತ್ತದೆ.

ಹೊರಗಿನಿಂದ ಬರುವ ಫೈಲ್ ಓದುವಾಗ ಡಿಟಿಡಿಯನ್ನು ಪೂರ್ತಿ ಬಂದ್ ಮಾಡಿ. ಕೆಲವು ಲೈಬ್ರರಿಗಳಲ್ಲಿ ಅದು ತಾನಾಗಿ ಬಂದ್ ಇರುವುದಿಲ್ಲ, ನೀವೇ ಹೇಳಬೇಕು. ಕೋಡ್ ಬರೆಯುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಡಿಜಿಟಲ್ ಸಹಿಗೆ ಎಕ್ಸ್‌ಎಂಎಲ್ ಹೇಗೆ ನೆರವಾಗುತ್ತದೆ?

ಸಹಿ ಫೈಲಿನೊಳಗೇ ಕೂರುತ್ತದೆ. ಆಟ್ರಿಬ್ಯೂಟ್‌ಗಳ ಕ್ರಮ, ಉದ್ಧರಣ ಚಿಹ್ನೆಯ ಬಗೆ ಇಂಥ ಲೆಕ್ಕಕ್ಕಿಲ್ಲದ ವ್ಯತ್ಯಾಸಗಳನ್ನು ಮೊದಲು ಒಂದೇ ಅಚ್ಚಿಗೆ ತಂದು, ಆಮೇಲೆ ಸಹಿ ಮಾಡುವ ವಿಧಾನ 2000ದ ದಶಕದ ಮೊದಲಲ್ಲೇ ಮಾನಕವಾಯಿತು. ಆಧಾರ್ ಆಫ್‌ಲೈನ್ ಫೈಲಿನ ನಂಬಿಕೆ ನಿಂತಿರುವುದು ಆಧಾರ್ ಕೊಡುವ ಯುಐಡಿಎಐನ ಇಂಥ ಸಹಿಯ ಮೇಲೆ. ಹೆಸರಿನಲ್ಲಿ ಒಂದಕ್ಷರ ತಿದ್ದಿದರೂ, ಒಂದು ಖಾಲಿ ಜಾಗ ಸೇರಿಸಿದರೂ ಸಹಿ ಹೊಂದುವುದಿಲ್ಲ. ಹಾಗಾಗಿ ಸಹಿ ಇರುವ ಫೈಲನ್ನು ನೋಡಲು ತೆರೆದು, ಸುಮ್ನೆ ಸೇವ್ ಕೂಡ ಮಾಡಬೇಡಿ.

ಜೇಸನ್ ಬಂದ ಮೇಲೂ ಇದು ಬೇಕಾ?

ಮೊಬೈಲ್ ಆ್ಯಪ್ ತನ್ನ ಸರ್ವರ್‌ನಿಂದ ನಾಲ್ಕು ಅಂಕಿ ತರಿಸಿಕೊಳ್ಳಲು ಖಂಡಿತ ಬೇಡ. ಅಲ್ಲಿ ಎರಡೂ ಕಡೆ ನಿಮ್ಮವರೇ, ಜೇಸನ್ ಹಗುರ, ಪ್ರೋಗ್ರಾಂ ಒಳಗಿನ ಪಟ್ಟಿಗಳಿಗೆ ನೇರ ಹೊಂದುತ್ತದೆ. 2000ದ ದಶಕದಲ್ಲಿ ಸಣ್ಣ ಪ್ರಶ್ನೆಗೂ ಸೋಪ್ (ಎಕ್ಸ್‌ಎಂಎಲ್‌ನಲ್ಲಿ ಸಂದೇಶ ಕಳಿಸುವ ಮಾನಕ) ಲಕೋಟೆ, ಅದರೊಳಗೆ ತಲೆಬರಹ, ಅದಕ್ಕೊಂದು ನೇಮ್‌ಸ್ಪೇಸ್ ಎಂದು ಹೇರಿದ್ದರಿಂದಲೇ ಜನ ಎಕ್ಸ್‌ಎಂಎಲ್ ಅಂದರೆ ಬೇಸತ್ತರು. ನಮ್ಮ ಆದಾಯ ತೆರಿಗೆ ರಿಟರ್ನ್ ಕೂಡ 2021-22ರ ಮೌಲ್ಯಮಾಪನ ವರ್ಷದಿಂದ ಎಕ್ಸ್‌ಎಂಎಲ್ ಬಿಟ್ಟು ಜೇಸನ್‌ಗೆ ಬಂತು. ತುಂಬುವ ಫಾರಂ ಥರದ ಡೇಟಾಗೆ ಅದು ಸರಿಯಾದ ಹೆಜ್ಜೆ.

ಸಹಿ ಬೇಕಾದದ್ದು, ಇಪ್ಪತ್ತು ವರ್ಷ ಕಾಪಿಡಬೇಕಾದದ್ದು, ವಾಕ್ಯದ ನಡುವೆ ಗುರುತು ಬೇಕಾದದ್ದು, ಹಲವು ಸಂಸ್ಥೆಗಳ ನಡುವೆ ಓಡಾಡುವುದು ಇದ್ದರೆ ನಾನು ಈಗಲೂ ಎಕ್ಸ್‌ಎಂಎಲ್ ಕಡೆಯವನೇ.

ಸಿಎಸ್‌ವಿ ಸಾಕಲ್ವಾ?

ಸಿಎಸ್‌ವಿ ಅಂದರೆ ಅಲ್ಪವಿರಾಮದಿಂದ ಕಾಲಂಗಳನ್ನು ಬೇರ್ಪಡಿಸಿದ ಸಾದಾ ಪಠ್ಯ ಫೈಲ್. ಒಂದೇ ಕೋಷ್ಟಕವಾದರೆ ಸಾಕು. ಒಂದು ಬಿಲ್ಲಿನಲ್ಲಿ ಹತ್ತು ಸರಕು, ಒಂದೊಂದಕ್ಕೂ ಬೇರೆ ತೆರಿಗೆ ಅನ್ನುವ ಕಡೆ ಸೋಲುತ್ತದೆ. ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕಲಸಿಹೋಗುವ ಅನುಭವ ನಿಮಗೂ ಆಗಿರಬಹುದು. ಯಾವ ಎನ್‌ಕೋಡಿಂಗ್ (ಯುಟಿಎಫ್-8ರಂಥ ಅಕ್ಷರ ಬರೆಯುವ ಪದ್ಧತಿ) ಎಂದು ಹೇಳಿಕೊಳ್ಳಲು ಸಿಎಸ್‌ವಿ ಒಳಗೆ ಜಾಗವಿಲ್ಲ. ಎಕ್ಸ್‌ಎಂಎಲ್‌ನ ಮೊದಲ ಸಾಲಿನಲ್ಲೇ ಅದಕ್ಕೆ ಜಾಗವಿದೆ.

ನಮ್ಮಲ್ಲಿರುವ ಎಕ್ಸ್‌ಎಂಎಲ್ ಅನ್ನು ಜೇಸನ್‌ಗೆ ಬದಲಿಸಬಹುದಾ?

ಬದಲಿಸಬಹುದು, ಆದರೆ ಎಲ್ಲದಕ್ಕೂ ಹೊಂದುವ ಒಂದೇ ನಿಯಮ ಇಲ್ಲ. ಆಟ್ರಿಬ್ಯೂಟ್ ಎಲ್ಲಿ ಹೋಗಬೇಕು, ವಾಕ್ಯದ ನಡುವಿನ ಟ್ಯಾಗ್ ಏನಾಗಬೇಕು ಎಂದು ಪ್ರತಿ ಪರಿವರ್ತಕವೂ ತನಗೆ ತೋಚಿದಂತೆ ಮಾಡುತ್ತದೆ. ಹೆಚ್ಚು ಕಾಡುವುದು ಪಟ್ಟಿಯ ವಿಷಯ. ಬಿಲ್ಲಿನಲ್ಲಿ ಎರಡು <ಸರಕು> ಇದ್ದರೆ ಪರಿವರ್ತಕ ಅದನ್ನು ಪಟ್ಟಿ ಮಾಡುತ್ತದೆ. ಒಂದೇ ಇದ್ದರೆ ಪಟ್ಟಿ ಅನ್ನುವುದು ಅದಕ್ಕೆ ತಿಳಿಯದೆ ಒಂಟಿ ವಸ್ತು ಮಾಡುತ್ತದೆ. ಪರೀಕ್ಷೆಯಲ್ಲೆಲ್ಲ ಎರಡು ಮೂರು ಸರಕಿನ ಬಿಲ್ ಹಾಕಿ ಪಾಸಾದ ಪ್ರೋಗ್ರಾಂ, ಒಂದೇ ಸರಕು ಕೊಂಡ ಗ್ರಾಹಕ ಬಂದ ದಿನ ಬೀಳುತ್ತದೆ. ಸ್ಕೀಮಾ ನೋಡಿ, ಯಾವ ಟ್ಯಾಗ್‌ಗಳು ಹಲವು ಸಲ ಬರಬಹುದು ಎಂದು ಪರಿವರ್ತಕಕ್ಕೆ ಮೊದಲೇ ತಿಳಿಸಿ. ಪರೀಕ್ಷೆಗೆ ಒಂದು ಸರಕಿನ ಬಿಲ್, ಸರಕೇ ಇಲ್ಲದ ಬಿಲ್ ಎರಡನ್ನೂ ಸೇರಿಸಿ.